ಜೋಮು

"ಜೋಮು ಬಂತಾ?" ಕೇಳುತ್ತಾರೆ ಡಾಕ್ಟರ್ ಪೊನ್ನಕ್ಕ
ನನ್ನ ತುಟಿ ಚಿವುಟಿ.
ಅರ್ಧ ಹೋಗಿದೆ, ಅರ್ಧ ಇನ್ನೂ ನನ್ನದೇ.
ಕಿಟಕಿಯಾಚೆ ವಿರಾಜಪೇಟೆಯ ಇಗರ್ಜಿ ಗಂಟೆ.
ಈ ಪ್ರಶ್ನೆ ನಮ್ಮ ಮನೆಯದು ಎನ್ನೋಣವೆಂದರೆ
ಬಾಯಿ ತುಂಬ ಹತ್ತಿ.

ಮುತ್ತಜ್ಜ ಇನ್ನಾಸಪ್ಪ ದೀಪ ಹಿಡಿಯುವವನು.
ಅವನ ದೊರೆ ಫ್ರಾನ್ಸಿನ ಶಸ್ತ್ರವೈದ್ಯ, ಎತಿಯೆನ್ ಮೊರಾಂ;
ಊರ ಬಾಯಲ್ಲಿ ಮೊರದ ದೊರೆ.
ಪಾದ್ರಿ ತಮ್ಮನನ್ನು ನೋಡಲು ಬಂದವನು
ಕಕ್ಕಡ ಕಳೆಯಲಿ ಅಂತ ಉಳಿದ.
ಒಂಬತ್ತು ಕಕ್ಕಡ ಕಳೆದವು.

ಮೊದಲ ವಾರವೇ, ತೋಟ ಸುತ್ತಿ ಬಂದು ಬೂಟು ಕಳಚಿದರೆ
ಕಾಲ್ಚೀಲವೆಲ್ಲ ಕೆಂಪು,
ನೋವು ಮಾತ್ರ ಎಲ್ಲೂ ಇಲ್ಲ.
ಉಬ್ಬಿದ ಜಿಗಣೆಯನ್ನು ಸೀಸೆಗೆ ಹಾಕಿ ಅಂದನಂತೆ:
"ಇನ್ನಾಸಪ್ಪ, ನೋಡು, ಇವಳು ನನ್ನ ಗುರು."

ಆಗ ಕೊಯ್ಯುವುದೆಂದರೆ
ನಾಲ್ಕಾಳು ಅದುಮಿ ಹಿಡಿದು, ಹಲ್ಲಿನ ನಡುವೆ ತೊಗಲ ಪಟ್ಟಿ;
ಇಲ್ಲವೇ ಮೂಗಿಗೆ ಕ್ಲೋರೋಫಾರ್ಮಿನ ಬಟ್ಟೆ,
ಮಲಗಿದವರಲ್ಲಿ ಕೆಲವರು ಏಳುತ್ತಲೇ ಇರಲಿಲ್ಲ.
ಅಷ್ಟು ದೊಡ್ಡ ನಿದ್ದೆ ಯಾಕೆ?
ಅವನಿಗೆ ಬೇಕಾದದ್ದು ಒಂದು ಗೇಣು ಚರ್ಮದ ನಿದ್ದೆ.

ರಾತ್ರಿಯೆಲ್ಲ ತನ್ನ ಕಿರುಬೆರಳಿಗೆ ತಾನೇ ಚುಚ್ಚಿಕೊಂಡು
ಗಡಿಯಾರದ ಎದುರು ಕೂರುವನು.
ಮುತ್ತಜ್ಜ ಗುಂಡುಸೂಜಿ ತಾಗಿಸಬೇಕು,
ಕೇಳಬೇಕು: ಜೋಮು?
ಪರದೇಶಿ ನಾಲಿಗೆ ಮೊದಲು ಕಲಿತ ಕನ್ನಡ ಅದು.
ಎರಡನೆಯದು, ಸಾಕು.

ಸಾಕು ಅನ್ನುವುದು ತಡವಾಗಿ ಬಂತು.
ತೋಟದಾಳು ಬೊಳ್ಳಿ, ಅಂಗೈಯಲ್ಲಿ ಕೀವುಗಟ್ಟಿದ ಹುಣ್ಣು,
ಬೆಂಚಿನ ಮೇಲೆ ಕೂತೇ ಕೈಯೊಡ್ಡಿದ್ದಳು.
ನೋವಿಲ್ಲ ನೋವಿಲ್ಲ ಎನ್ನುತ್ತ
ಪಕ್ಕಕ್ಕೆ ವಾಲಿದಳು.

ಆಮೇಲೆ ಯಾರನ್ನೂ ಕೂರಿಸಲಿಲ್ಲ.
"ಮಲಗು" ಎಂದ, ಪೆಟ್ಟಿಗೆಯ ಸಾಹುಕಾರನಿಗೂ.
ಮದ್ದನ್ನು ತಿಂಗಳು ತಿಂಗಳೂ ತೆಳುವಾಗಿಸಿದ,
ಹೆಚ್ಚುಕಮ್ಮಿ ನೀರೇ ಅನ್ನುವಷ್ಟು.

ಹಂದಿಗೆ ಹಾರಿಸಿದ ಈಡು ಮಾಚಯ್ಯನ ಮೀನಖಂಡ ಹೊಕ್ಕಿತ್ತು.
ಏಳು ಚರೆ.
ಚಾಕು ಒಳಗಿರುವಾಗಲೂ ಮಾಚಯ್ಯನ ಬಾಯಿ ನಿಲ್ಲಲಿಲ್ಲ:
ತಲೆ ಯಾರ ಪಾಲು, ತೊಡೆ ಯಾರ ಪಾಲು,
ನಾಯಿಗೆ ಎಷ್ಟು.
ಪಿಂಗಾಣಿ ಬಟ್ಟಲಿಗೆ ಚರೆ ಬಿದ್ದಾಗಲೆಲ್ಲ ಎಣಿಸಿದ.
ಏಳನೆಯದಕ್ಕೆ ಅತ್ತ.
"ನೋವಾ?"
"ಇಲ್ಲ ದೊರೆ. ನನ್ನ ಕಾಲು
ನನಗೆ ಒಂದು ಮಾತೂ ಹೇಳಲಿಲ್ಲವಲ್ಲ."

ಅವನ ಪುಸ್ತಕ ನಮ್ಮ ಅಟ್ಟದಲ್ಲಿದೆ, ಗೆದ್ದಲು ತಿಂದು ಉಳಿದಷ್ಟು.
ಫ್ರೆಂಚು ನನಗೆ ಬಾರದು.
ಅಂಚಿನಲ್ಲಿ ಮುತ್ತಜ್ಜನ ಸೊಟ್ಟ ಅಕ್ಷರ:
ಜೋಮು. ಜೋಮು. ಇಲ್ಲ. ಜೋಮು.
ಬೊಳ್ಳಿಯ ಪುಟದಲ್ಲಿ ದೊರೆ ಬರೆದದ್ದು ತಾರೀಕು ಮತ್ತು ತೂಕ.
ಕೆಳಗೆ, ಕನ್ನಡದಲ್ಲಿ:
ಕೈ ನಾನು ಹಿಡಿದಿದ್ದೆ.

"ಆಯ್ತು, ಎರಡು ಗಂಟೆ ಏನೂ ಬೇಡ," ಎನ್ನುತ್ತಾರೆ ಪೊನ್ನಕ್ಕ,
ಹಲ್ಲನ್ನು ಪೊಟ್ಟಣ ಕಟ್ಟಿ ಕೊಡುತ್ತ.
ಬಸ್‌ಸ್ಟ್ಯಾಂಡಿನಲ್ಲಿ ತಡೆಯಲಾರದೆ ಒಂದು ಲೋಟ ಕಾಫಿ.
ಸುಡುತ್ತಿದೆಯೋ ಆರಿದೆಯೋ,
ಬೆರಳಿಗೆ ಗೊತ್ತು, ತುಟಿಗಿಲ್ಲ.
ಎದುರು ಬೆಂಚಿನ ಹುಡುಗಿ
ತನ್ನ ಗಲ್ಲ ತಾನೇ ಮುಟ್ಟಿಕೊಂಡು
ನನಗೆ ತೋರಿಸುತ್ತಾಳೆ: ಸೋರುತ್ತಿದೆ, ಇಲ್ಲಿ.