ಉದ್ಯಮಬಾಗ – ಶನಿ, ವಾಯಾ ಚಂದ್ರ

ಕ್ಯಾಸೆಟ್ಟಿನ ಮ್ಯಾಲ ಹಿಂಗ ಬರದಿದ್ವಿ,
ಬಸ್ಸಿನ ಬೋರ್ಡಿನಂಗ.
ನೂರು ತೆಗಿಸಿದ್ವಿ, ಹನ್ನೊಂದು ಹೋದುವು,
ಅದರಾಗ ಎರಡು ಹೊಳ್ಳಿ ಬಂದುವು:
ಶನಿದೇವರ ಭಜನಿ ಅಂತ ತಿಳದು ಒಯ್ದಿದ್ರಂತ.

ಬುಧವಾರ ಉದ್ಯಮಬಾಗಕ್ಕ ಸುಟ್ಟಿ.
ಲೇಥುಗಳು ಎಣ್ಣಿ ಬಳಕೊಂಡು ಮಲಗಿರತಿದ್ವು.
ಭರಮಾನ ಶೆಡ್ಡಿನ ಗ್ವಾಡಿಗೆ ಗೋಣಿಚೀಲ ಹೊಡದು
ಹೊರಗಿನ ಸಪ್ಪಳ ಹೊರಗ ಇಟ್ವಿ.
ನಾನು ರೇಡಿಯೋ ರಿಪೇರಿಯವ,
ಗುಂಡಿ ಒತ್ತೂದು ನನ್ನ ಪಾಲಿಗೆ.

ಕ್ಯಾಂಪಿನ ಕಾಯ್ತಾನ್, ಲಗ್ನದ ಬ್ಯಾಂಡಿನಾಗ
ಮೂವತ್ತು ವರ್ಷ ಮದುಮಗನ ಕುದರಿ ಮುಂದ ಊದಿದಾಂವ,
ಸ್ಯಾಕ್ಸೋಫೋನ್ ತುಟಿಗೆ ಹಚ್ಚೂಕಿಂತ ಮೊದಲ ಅಂದ:
ಇವತ್ತ ಹಿಂದ ಕುದರಿ ಇಲ್ಲ,
ಸಾವಕಾಶ ನಡೀಬೇಕಂತಿಲ್ಲ.

ಮುಗುಟಸಾಬನ ತಬಲಾ ಏಳರಾಗ,
ಕಾಯ್ತಾನನ ಹೆಜ್ಜಿ ನಾಕರಾಗ.
ಒಬ್ಬಾಂವ ಬಾಗಲಾ ತೆರದ್ರ ಇನ್ನೊಬ್ಬಾಂವ ಇನ್ನೂ ಓಣ್ಯಾಗ.
ಜಗಳಾನ ಆತು.
ಪದ್ಮಾವತಿ ಟೀಚರ್ ಕ್ಯಾಸಿಯೋದ ಮ್ಯಾಲಿಂದ
ಕೈ ತಗೀದ ಮಗ್ಗಿ ಹೇಳಿದ್ರು:
ಏಳ್ನಾಕ್ಲೆ ಇಪ್ಪತ್ತೆಂಟು.
ಇಪ್ಪತ್ತೇಳು ನಕ್ಷತ್ರ ದಾಟ್ರಿ,
ಮ್ಯಾಲೊಂದು, ನಿಂತು ಉಸರು ಬಿಡಾಕ.
ಅಲ್ಲೇ ಕೂಡೂಣು.

ಕೂಡಿದ್ವಿ.
ಭರಮಾ ತಾನ ಕಡದ ಕಂಚಿನ ಬಿಲ್ಲಿಗಳನ್ನ
ತಂತಿಗೆ ತೂಗಬಿಟ್ಟು ಬೆರಳಲೆ ಮುಟ್ಟಿದ,
ಶನಿ ಕೈಯಾನ ಬಳಿ ಹಿಂಗ ಅನ್ನತಾವು, ಅಂದ,
ಕಂಡು ಬಂದಾವನಂಗ.
ಮಿರಜ ಗಾಡಿ ಕೂಗಿದ್ದು
ಮೊದಲನೇ ಪಾಡಿನಾಗ ಸಿಕ್ಕೊಂಡೈತಿ.
ಅಳಿಸಲಿಲ್ಲ. ಬ್ಯಾರೆ ರಾಕೇಟ್ ಎಲ್ಲಿಂದ ತರೂದು?

ಚಂದ್ರ ದಾಟೂದ್ರಾಗ ಒಂದು ಬದಿ ಆತು.
ಎರಡನೇ ಬದಿ ಶನಿಗೆ ಮುಗೀತು.
ಟೇಪಿನ ಕಡೀಕ ಇರೂದು ಚಹಾದ ಹುಡಗನ ದನಿ:
ಎಷ್ಟ ತರಲಿ?
ಕಾಯ್ತಾನ್: ಐದು.
ಟಕ್.

ಚಹಾ ಆದಮ್ಯಾಲ ಹೊಳ್ಳಿ ಬರೂದೂ ಬಾರಿಸಿದ್ರು,
ಮೋಡ, ಹಸಿ ಮಣ್ಣು, ಇಳಿಯೂದು, ಎಲ್ಲಾ.
ಚಕ್ರ ತಿರಗತಿರಲಿಲ್ಲ, ನಾ ನೋಡಲಿಲ್ಲ.
ಅದಕ್ಕ ಬೈಸಿಕೊಂಡದ್ದು ಇನ್ನೂ ನೆನಪೈತಿ.
ಕಾಯ್ತಾನ್ ತೀರಿ ಒಂಬತ್ತು ವರ್ಷಾತು;
ಟೇಪಿನಾಗ ಇನ್ನೂ ಇಳದಿಲ್ಲ.

ನನ್ನ ಕಾಡೂದು ಆ ಐದು.
ನಾವು ಐದು ಮಂದಿ, ಖರೆ.
ಆದ್ರ ಟೀಚರ್ ಜೈನರು,
ಹೊತ್ತು ಮುಳಗಿದ್ರ ನೀರೂ ಮುಟ್ಟಾವ್ರಲ್ಲ.
ಆಗ ರಾತ್ರಿ ಹನ್ನೊಂದೂವರಿ.
ಎರಡ ಕುಡದಿಲ್ಲ ಅಂತ ಭರಮಾ ಆಣಿ ಮಾಡ್ತಾನ.
ಹುಡಗಗ ಕೊಟ್ಟಿರಬೇಕು ಅಂತಾನ ಮುಗುಟಸಾಬ.

ಹ್ವಾದ ವಾರ ಟಿಳಕವಾಡಿಗೆ ಹೋಗಿದ್ದೆ.
ಟೀಚರಗ ಎಂಬತ್ತು, ಕಿವಿ ಚಲೋ ಅದಾವು.
ಕೇಳಿದೆ.
ಬಸ್ಯಾಗಿನ ಕೆನಿ ಊದಿ ಬಾಜೂಕ ಸರಿಸಿ ಅಂದ್ರು:
ಶನಿ ತನಕ ಹೋಗಿದ್ವಿ.
ಅಷ್ಟ ದೂರದಾಗ ಹೊತ್ತು ಯಾವ ಕಡೆ ಮುಳಗತೈತಿ,
ನೀವ ಹೇಳ್ರಿ.

ಆಮ್ಯಾಲ ಕಿಡಕಿ ನೋಡಿ, ಗಡಿಯಾರ ನೋಡಿ,
ಲಗೂನ ಕುಡೀರಿ, ಅಂದ್ರು,
ಇಲ್ಲೆ ಆರಕ್ಕ ಮುಳಗತೈತಿ.