ಖಾಯಂ ವಿಳಾಸ

ಸಿದ್ದಾಪುರದ ಸೊಸೈಟಿ, ಮೆಟ್ಟಿಲಡಿಯ ಕೋಣೆ.
ಗೋದಾಮಿನ ಕರಿಮೆಣಸಿನ ಘಾಟಿಗೆ ಸೀನುತ್ತ
ಬ್ಯಾಕಪ್ ಪೆಟ್ಟಿಗೆಯ ಮುಂದೆ ಕೂತಿದ್ದೇನೆ.

ತಾನಾಗಿ ವಿಳಾಸ ಹಂಚುವುದು ಬೇಡ,
ಎಂದರು ಕಾರ್ಯದರ್ಶಿ ಚೋಂದಮ್ಮ,
ದಿನಕ್ಕೊಂದು ಕಡೆ ಇದ್ದರೆ
ಆಪತ್ತಿಗೆ ಹುಡುಕುವುದೆಲ್ಲಿ?

ಸರಿ. ‘ಸ್ಟ್ಯಾಟಿಕ್’ ಒತ್ತಿದೆ.
ನೂರ ತೊಂಬತ್ತೆರಡು, ನೂರ ಅರವತ್ತೆಂಟು,
ಹತ್ತು, ನಲವತ್ತು.
ಇನ್ನು ಇದು ಕದಲುವುದಿಲ್ಲ.

ನನ್ನವ್ವ ಕಾಫಿಹಣ್ಣು ಕೊಯ್ದ ತೋಟಗಳು ಏಳು,
ಮಲಗಿದ ಲೈನ್‌ಮನೆಗಳು ಹನ್ನೊಂದು.
ರೇಷನ್ ಅರ್ಜಿಯಲ್ಲಿ ‘ಖಾಯಂ ವಿಳಾಸ’ ಬಂದಾಗೆಲ್ಲ
ಗುಮಾಸ್ತ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ.
ಬರ್ಕೊಳಿ ಸಾರ್, ಅನ್ನುತ್ತಿದ್ದಳು ಅವ್ವ,
ಈ ಮಳೆಗಾಲಕ್ಕೆ ಇಲ್ಲೇ.

ಪಿಂಗ್ ಮಾಡಿದೆ. ಉತ್ತರವಿಲ್ಲ.
ಗೇಟ್‌ವೇಯಲ್ಲಿ ಒಂದಂಕಿ ತಪ್ಪು.
ಆನೆಗೆ ಹೆದರಿ ಆರಕ್ಕೇ ಗೇಟು ಹಾಕಿದ ತೋಟದಂತೆ
ಪೆಟ್ಟಿಗೆ ಒಳಗೇ ಉಳಿದಿದೆ,
ಹಸಿರು ದೀಪ ಹೊತ್ತಿಸಿಕೊಂಡು.

ತಿದ್ದಿದೆ. ಬಂತು ಉತ್ತರ, ನಾಲ್ಕು ಸಲ.
ಬೇಕೆಂದೇ ಅಳಿಸಿದ ಸಾಲದ ಪುಟವೂ
ಬಡ್ಡಿ ಸಮೇತ ಮರಳಿತು.
ಅಯ್ಯೋ, ಇದೊಂದು ಹೋಗಿದ್ದರೆ ಚೆನ್ನಾಗಿತ್ತು,
ಚೋಂದಮ್ಮ ನಕ್ಕರು.

ಪೆಟ್ಟಿಗೆಯ ಹಣೆಗೆ ಅದರ ವಿಳಾಸ ಅಂಟಿಸಿದೆ,
ಗುಂಡು ಅಕ್ಷರದಲ್ಲಿ.

ಹೊರಡುವಾಗ
ಬಾಗಿಲ ಬಳಿಯ ರಿಜಿಸ್ಟರಿನಲ್ಲಿ
ಹೆಸರು, ಸಮಯ, ವಿಳಾಸ.
ಮೂರನೆಯ ಕಾಲಮ್ಮಿನಲ್ಲಿ
ಮೊಬೈಲ್ ನಂಬರು ಬರೆದೆ.