ಹೆಪ್ಪು

ರಾತ್ರಿ ಒಂದು ಗಂಟೆಗೇ ಬೆಳಗಾಯಿತೆಂದು
ಚಿವಾವಾ ಸೀಮೆಯ ಹುಂಜಗಳು ಕೂಗಿ ಮೋಸಹೋದ
ಒಂಬತ್ತನೇ ದಿನಕ್ಕೆ, ಅರವತ್ತೊಂಬತ್ತರ ಫೆಬ್ರವರಿಯಲ್ಲಿ,
ಪುಯೆಬ್ಲಿತೊ ದೆ ಅಯೆಂದೆಗೆ
ತಕ್ಕಡಿ ಹಿಡಿದು ಬಂದವನು ನಾನು.

ಮುಗಿಲಿಂದ ಬಿದ್ದ ಕಲ್ಲನ್ನು ತೊಳೆದು
ಆಡಿನ ಹಾಲಿನ ಚೀಸಿನ ಮೇಲೆ ಭಾರಕ್ಕಿಟ್ಟಿದ್ದಳು
ದೋನ್ಯಾ ರೆಫೂಹಿಯೊ.
ಹಲಗೆಯ ಸಂದಿಯಿಂದ ತೊಟ್ಟಿಕ್ಕುತ್ತಿತ್ತು
ಒಡೆದ ಹಾಲಿನ ಹಳದಿ ನೀರು.

ಗ್ರಾಮಿಗೆಷ್ಟು ಅನ್ನಲಿಲ್ಲ. ಒಳಗೇನಿದೆ ಅಂದಳು.

ಕರಿಯ ಅಂಚಿನಲ್ಲಿ ಬಿಳಿ ಚೂರು ತೋರಿಸಿದೆ, ಅಕ್ಕಿನುಚ್ಚಿನಷ್ಟು:
ಭೂಮಿಗಿಂತ ಮೊದಲಿನವು ಇರಬೇಕು.
(ನಾನೂರ ಐವತ್ತಾರು ಕೋಟಿ ವರ್ಷ ಎಂಬ ಲೆಕ್ಕ
ಆಮೇಲೆ ಬಂದದ್ದು.)
ಹಾದುಹೋದ ನಕ್ಷತ್ರವೊಂದು ಸೂರ್ಯನ ಸೆರಗೆಳೆದು
ಹರಿದ ಎಳೆಯೇ ಗ್ರಹಗಳಾದವು ಅನ್ನುತ್ತಿದ್ದರು
ನಮ್ಮ ಮೇಷ್ಟ್ರ ಕಾಲದಲ್ಲಿ; ಅದೀಗ ನಡೆಯುವುದಿಲ್ಲ,
ಬೆಂಕಿಯ ಎಳೆ ಉಂಡೆಯಾಗದು, ಚೆದುರುತ್ತದೆ.
ಈಗ ಒಂದು ಮೋಡ. ತಣ್ಣನೆಯ ಧೂಳಿನ ಮೋಡ
ತನ್ನ ಭಾರಕ್ಕೆ ತಾನೇ ಕುಸಿದು, ತಿರುಗಿ ತಿರುಗಿ
ನಿನ್ನ ರೊಟ್ಟಿಯಂತೆ ಚಪ್ಪಟೆಯಾಗಿ,
ನಡುವೆ ಸೂರ್ಯ, ಸುತ್ತ ಗರಣೆಗಟ್ಟಿದ ನಾವು.

ತಾನಾಗಿ ಒಡೆದ ಹಾಲು ನಾಯಿಗೆ, ಅಂದಳು.
ಹೆಪ್ಪು ಹಾಕಿದ್ದು ಯಾರು?

ದೇವರ ಮಾತೆತ್ತುತ್ತಿದ್ದಾಳೆ ಅಂದುಕೊಂಡು
ನಾನು ಜಾಣನ ಹಾಗೆ ನಕ್ಕೆ.
ಎರಡು ಕಿಲೊ ನಾನೂರು ಗ್ರಾಂ. ಹಣ ಎಣಿಸಿದೆ.

ಏಳು ವರ್ಷದ ಮೇಲೆ ಅಂಥದೇ ಬಿಳಿ ಚೂರಿನಲ್ಲಿ
ಮೆಗ್ನೀಸಿಯಂ ತುಸು ಹೆಚ್ಚು ಸಿಕ್ಕಿತು:
ಬೇಗ ಸಾಯುವ ಅಲ್ಯುಮಿನಿಯಂ ಒಂದರ ಬೂದಿ.
ಹತ್ತಿರದಲ್ಲೇ ನಕ್ಷತ್ರವೊಂದು ಸಿಡಿದು ಸತ್ತಿರಬೇಕು,
ಆ ಹೊಡೆತಕ್ಕೇ ಮೋಡ ಕುಸಿದಿರಬೇಕು, ಅಂದರು.
ಬಸ್ಸು ಹತ್ತಿ ಹೋದೆ, ಹೇಳಲೇಬೇಕೆಂದು.

ಕೇಳಿಸಿಕೊಂಡಳು. ಒಲೆಯ ಮೇಲಿನ ಗೂಡಿಂದ
ಜಾಡಿ ಇಳಿಸಿ ಮುಚ್ಚಳ ತೆರೆದಳು: ಉಪ್ಪುನೀರಿನಲ್ಲಿ
ಮುದುಡಿದ ಚರ್ಮದ ಚೂರು.
ಮೊಲೆ ಬಿಡದ ಮರಿಯ ಹೊಟ್ಟೆ.
ಅದರ ತಾಯಿಯ ಹಾಲಿಗೂ ಇದನ್ನೇ ಹಾಕುವುದು, ಅಂದಳು.

ಈಗ ಅದೂ ಅನುಮಾನ. ಸಿಡಿದದ್ದಲ್ಲ,
ದೈತ್ಯ ತಾರೆಯೊಂದು ಬದುಕಿದ್ದಾಗಲೇ ಬಿಟ್ಟ ಗಾಳಿ
ಅನ್ನುವವರಿದ್ದಾರೆ, ನನ್ನ ಶಿಷ್ಯೆಯೇ ಒಬ್ಬಳು.
ಹೇಳೋಣವೆಂದರೆ ದೋನ್ಯಾ ಇಲ್ಲ.
ಚೀಸಿನ ಮೇಲೆ ಅವಳ ಸೊಸೆ
ಹೊಳೆಯ ಗುಂಡುಕಲ್ಲೊಂದು ಇಟ್ಟಿದ್ದಾಳೆ.
ಅದರ ವಯಸ್ಸು ಯಾರೂ ಕೇಳಿಲ್ಲ.